ಬಲಗಾಲು ಮುಂದಿಡುವವಳ ಬೂಟು

ನಾನು ಒಂದು ಬೂಟು. ಎಡಗಾಲಿನದು. ನನ್ನ ಜೊತೆಗೇ ಹುಟ್ಟಿದ ಬಲಗಾಲಿನ ಅಣ್ಣನೊಬ್ಬನಿದ್ದಾನೆ. ಅವನಿಗೆ ಮಾತು ಕಡಿಮೆ, ಹಾಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳಬೇಕಾಗಿದೆ.

ಬೂಟು ಎಂದರೆ ತೊಗಲು, ದಾರ, ಪಾಲಿಷು ಎಂದುಕೊಳ್ಳಬೇಡಿ. ನನ್ನದು ಗಟ್ಟಿ ಮೈ. ಇಟಲಿ ದೇಶದ ಬೆಟ್ಟದಡಿಯ ಒಂದು ಊರಿನ ಕಾರ್ಖಾನೆಯಲ್ಲಿ ಮೊದಲು ನಾನು ಹೆಸರುಕಾಳಿನಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳಾಗಿದ್ದೆ. ಕಾಯಿಸಿದರು, ಪಾಕ ಮಾಡಿದರು, ಅಚ್ಚಿಗೆ ಹೊಯ್ದರು. ಆರಿದ ಮೇಲೆ ತೆಗೆದು ನೋಡಿದರೆ ಆಮೆಯ ಚಿಪ್ಪಿನಂಥ ಪಾದ, ಅದರ ಮೇಲೊಂದು ಎತ್ತರದ ಕೊರಳು. ಮೂತಿಯ ಎರಡು ಪಕ್ಕಕ್ಕೂ ಲೋಹದ ಒಂದೊಂದು ಗುಳಿ ಕೂರಿಸಿದರು. ಹಿಮದ ಮೇಲೆ ಜಾರುವ ಉದ್ದ ಪಟ್ಟಿಯ, ಅಂದರೆ ಸ್ಕೀಯ, ಮುಳ್ಳುಗಳು ಅಲ್ಲಿ ಕಚ್ಚಬೇಕು. ಒಳಗೆ ಮೆತ್ತನೆಯ ಒಳಬೂಟು, ಮುಂದೊಂದು ಗಟ್ಟಿ ನಾಲಿಗೆ, ಹಿಂದೆ ಒಂದು ಬೀಗ. ಬೀಗ ತೆಗೆದರೆ ಕೊರಳು ಹಿಂದೆ ಮುಂದೆ ಆಡುತ್ತದೆ, ಹತ್ತಲು ಸಲೀಸು. ಹಾಕಿದರೆ ಕಂಬದ ಹಾಗೆ ನಿಲ್ಲುತ್ತದೆ, ಇಳಿಯಲು ಭದ್ರ. ನಾವಿಬ್ಬರೂ ಸ್ಕೀಯವರಿಗಾಗಿ ಹುಟ್ಟಿದವರು. ಅಂದರೆ ಎರಡು ಮೂತಿಯೂ ಜೋಡೆತ್ತಿನ ಹಾಗೆ ಮುಂದಕ್ಕೇ ನೋಡುತ್ತ ಇಳಿಯಬೇಕಾದವರು.

ನಮ್ಮ ಮೊದಲ ಯಜಮಾನ ಕೆಂಪು ಗಡ್ಡದ ಒಬ್ಬ ಪರದೇಶಿ. ಅವನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಮ್ಮನ್ನು ಹಾಕಿಕೊಂಡು ಹಿಮಾಲಯಕ್ಕೆ ಬಂದ, ಹತ್ತು ದಿನ ಕಾಲು ನೋವೆಂದು ಗೊಣಗಿದ, ಮನಾಲಿಯ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಬಿಟ್ಟು ವಿಮಾನ ಹತ್ತಿದ. ನಮಗೆ ಅವನು ಏನೂ ಮಾತು ಕೊಟ್ಟಿರಲಿಲ್ಲ. ಆದ್ದರಿಂದ ಮಾತು ತಪ್ಪಿದ ಎಂದೂ ಹೇಳಲಾರೆ. ಅಂಥ ಯಜಮಾನರೇ ವಾಸಿ ಎಂದು ಈಗ ಅನ್ನಿಸುತ್ತದೆ.

ಆ ಅಂಗಡಿಗೆ ಜನವರಿಯ ಒಂದು ಬೆಳಿಗ್ಗೆ ಇಬ್ಬರು ಬಂದರು. ನಾನು ಜನರನ್ನು ಕೆಳಗಿನಿಂದ ಮೇಲಕ್ಕೆ ಗುರುತು ಹಿಡಿಯುವುದು. ಮೊದಲು ಕಂಡದ್ದು ಅವಳ ಪಾದ. ಹೆಂಗಸಿನ ಮಟ್ಟಿಗೆ ದೊಡ್ಡದು, ಕಿರುಬೆರಳು ಹೊರಕ್ಕೆ ಚಾಚಿದ್ದು. ಪಕ್ಕದಲ್ಲಿ ಒಬ್ಬ ಗಂಡಸಿನ ಪಾದ. ಗಂಡಸಿನ ಮಟ್ಟಿಗೆ ಸಣ್ಣದು, ಹೆಬ್ಬೆರಳ ಬುಡ ಉಬ್ಬಿದ್ದು. ಉದ್ದ ಮಾತ್ರ ಇಬ್ಬರದೂ ಒಂದೇ.

ಅವಳು ಚಿತ್ಕಲಾ, ಧಾರವಾಡದವಳು. ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ತಿಂಗಳ ಪರ್ವತಾರೋಹಣದ ತರಬೇತಿಗೆಂದು ಮನಾಲಿಗೆ ಬಂದವಳು, ವಾಪಸು ಹೋಗದೆ ಅಲ್ಲೇ ಒಂದು ಶಿಬಿರದಲ್ಲಿ ಕೆಲಸಕ್ಕೆ ನಿಂತಿದ್ದಳು. ಅವನು ಮಕರಂದ, ಅವಳ ಊರಿನವನೇ, ಅದೇ ಶಿಬಿರದಲ್ಲಿ ಅವಳ ಜೊತೆಗಾರ. ಹಿಮದ ಮೇಲೆ ಜಾರುವುದನ್ನು ಇಬ್ಬರೂ ಒಟ್ಟಿಗೇ ಕಲಿತಿದ್ದರು, ಒಟ್ಟಿಗೇ ಬಿದ್ದಿದ್ದರು.

ಅವರ ಆಟದ ಹಲಗೆಯ ಹೆಸರು ಸ್ಪ್ಲಿಟ್‌ಬೋರ್ಡ್. ಉದ್ದಕ್ಕೆ ಸೀಳಿದ ಹಲಗೆ ಅದು. ಹತ್ತುವಾಗ ಎರಡು ಹೋಳು ಎರಡು ಕಾಲಿಗೆ, ಸ್ಕೀಯಂತೆ. ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡು ಯಾರೂ ತುಳಿಯದ ಬೆಟ್ಟವನ್ನು ತಾವೇ ಹತ್ತಬೇಕು. ತುದಿಯಲ್ಲಿ ಎರಡನ್ನೂ ಜೋಡಿಸಿದರೆ ಒಂದೇ ಹಲಗೆ. ಅದರ ಮೇಲೆ ಅಡ್ಡಕ್ಕೆ ನಿಂತು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ಇಳಿಯಬೇಕು. ಹೆಚ್ಚಿನವರು ಇದಕ್ಕೆ ಮೆತ್ತನೆಯ ಬೂಟು ಹಾಕುತ್ತಾರೆ. ಇಳಿಯುವಾಗ ಅದು ಸುಖ. ಆದರೆ ಬೆಳಗಿನ ಗಟ್ಟಿ ಹಿಮದ ಓರೆಯಲ್ಲಿ ಅಡ್ಡ ದಾಟುವಾಗ ಮೆತ್ತನೆ ಬೂಟು ಹೊರಳುತ್ತದೆ, ಹಲಗೆಯ ಅಂಚು ಹಿಮವನ್ನು ಕಚ್ಚುವುದಿಲ್ಲ. ಗಟ್ಟಿ ಬೂಟಾದರೆ ಕಚ್ಚುತ್ತದೆ. ಅದಕ್ಕಾಗಿ ತಿಳಿದವರು ಸ್ಕೀಯ ಗಟ್ಟಿ ಬೂಟನ್ನೇ ಆರಿಸಿ, ಕೊಯ್ದು, ತಮ್ಮ ಕಾಲಿಗೆ ಒಗ್ಗಿಸಿಕೊಳ್ಳುತ್ತಾರೆ.

ಅಂಗಡಿಯಲ್ಲಿ ಮೂರು ಜೋಡಿಗಳಿದ್ದವು. ಚಿತ್ಕಲಾ ನೆಲದ ಮೇಲೆ ಕೂತು ಒಂದೊಂದರ ಒಳಬೂಟನ್ನೂ ಹೊರಗೆಳೆದಳು. ಬರಿಯ ಚಿಪ್ಪಿಗೆ ಕಾಲು ಹಾಕಿ, ಬೆರಳು ಮುಂದಕ್ಕೆ ತಾಗಿಸಿ ನಿಂತಳು. ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಸಿದರೆ ಸರಿ, ಎರಡು ಹಿಡಿಸಿದರೆ ದೊಡ್ಡದು. ಮಕರಂದ ಬಗ್ಗಿ ಬೆರಳು ಹಾಕಿ ನೋಡಿದ. ಅವಳು ನನ್ನ ಕೊರಳನ್ನು ಐವತ್ತು ಸಲ ಬಗ್ಗಿಸಿದಳು, ಗುಳಿಗಳಲ್ಲಿ ಉಗುರಾಡಿಸಿ ಸವೆತ ನೋಡಿದಳು, ನನ್ನನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದಳು.

"ಕನ್ಯಾ ನೋಡ್ಲಿಕ್ಕೆ ಬಂದವರೂ ಇಷ್ಟು ನೋಡೂದಿಲ್ಲ, ಚಿತ್ಕಲಾ," ಅಂದ ಮಕರಂದ.

"ಅದಕ್ಕ ಆಮ್ಯಾಲೆ ಅಳ್ತಾರ," ಅಂದಳು ಅವಳು, ತಲೆ ಎತ್ತದೆ.

"ಹಗುರ ಬೇಕಂದ್ರ ಆ ಹಸಿರು ಜೋಡಿ ತಗೋ."

"ಅದು ಹಗುರ ಅದ, ಖರೆ. ಆದ್ರ ಕೊಯ್ದರ ಉಳಿಯೂದಿಲ್ಲ. ಇದರ ಕೊರಳು ದಪ್ಪ ಅದ." ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡಳು. "ನಮ್ಮ ಮೌಶಿ ಏನಂತಿದ್ಲು ಗೊತ್ತದ ಇಲ್ಲೋ? ಈಕೀ ಚಪ್ಪಲಿ ಬಾಗಿಲ ಮುಂದಿದ್ರ ಕಳ್ಳ ಒಳಗ ಬರೂದಿಲ್ಲ, ಮನ್ಯಾಗ ಗಂಡಸ ಅದಾನಂತ ತಿಳೀತಾನ."

"ನನ್ನ ಚಪ್ಪಲಿ ನೋಡಿದ್ರ ಕಳ್ಳ ಧೈರ್ಯಾಗಿ ಬರ್ತಾನ ಬಿಡು," ಅಂದ ಮಕರಂದ. ಇಬ್ಬರೂ ನಕ್ಕರು. ನಾನೂ ನಕ್ಕೆ ಎನ್ನಬಹುದು. ನನ್ನ ಬಕಲ್ಲುಗಳು ಸದ್ದು ಮಾಡಿದವು.

ಅವಳು ಇಷ್ಟು ಹುಡುಕಾಡಲು ಕಾರಣವಿತ್ತು. ಫೆಬ್ರವರಿಯಲ್ಲಿ ಅಲ್ಲಿನ ಒಂದು ಸಂಸ್ಥೆ ಸ್ಪ್ಲಿಟ್‌ಬೋರ್ಡ್ ಮಾರ್ಗದರ್ಶಿ ಒಬ್ಬರನ್ನು ಆರಿಸಲಿತ್ತು. ಒಬ್ಬರನ್ನೇ. ಧಾರವಾಡದಲ್ಲಿ ಅವಳ ಅಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದರು: "ಒಂದು ಚಳಿಗಾಲ ಕೊಟ್ಟೀನಿ. ಅಲ್ಲೆ ಒಂದು ನೆಲಿ ಆತಂದ್ರ ನಾ ಏನೂ ಅನ್ನೂದಿಲ್ಲ. ಆಗಲಿಲ್ಲಂದ್ರ ವಾಪಸ್ ಬಂದು ಕಾಲೇಜಿನ್ಯಾಗ ಪಾಠ ಹೇಳು." ಅಪ್ಪನ ಮಾತು ಮೀರುವವಳಲ್ಲ ಅವಳು. ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ, ಮಕರಂದನೊಬ್ಬನಿಗೆ ಬಿಟ್ಟು. ಅವಳು ನಮ್ಮನ್ನು ಹಾಕಿಕೊಂಡು ನಿಂತಿದ್ದಾಗ ಅವನು ಹೇಳಿದ್ದ: "ನಾ ಪರೀಕ್ಷಾಕ್ಕ ನಿಂದ್ರೂದಿಲ್ಲ ತಗೋ. ನನಗೇನ ಅವಸರ ಅದ? ನೀ ಮೊದಲು ಹೋಗು." ಆ ಮಾತಿಗೆ ಅವಳ ಕಾಲ್ಬೆರಳು ನನ್ನೊಳಗೆ ಹೇಗೆ ಸಡಿಲವಾದವು ಎಂಬುದು ನನಗಿನ್ನೂ ನೆನಪಿದೆ. ಮುಖದ ಮೇಲೆ ಏನೂ ತೋರಿಸದವರು ಕಾಲಲ್ಲಿ ಎಲ್ಲ ತೋರಿಸುತ್ತಾರೆ.

ನಮ್ಮನ್ನು ಕೊಯ್ಯಬೇಕಾದವನ ಹೆಸರು ಲಗಮಣ್ಣ. ಅಥಣಿಯ ಕಡೆಯವನು. ಚಪ್ಪಲಿ ಮಾಡುವ ಮನೆತನದಲ್ಲಿ ಹುಟ್ಟಿ, ಸೇನೆಯಲ್ಲಿ ಬೂಟು ರಿಪೇರಿ ಕೆಲಸಕ್ಕೆ ಸೇರಿ, ಹಿಮದ ಠಾಣ್ಯಗಳಲ್ಲಿ ಇಪ್ಪತ್ತು ವರ್ಷ ಸೈನಿಕರ ಬೂಟು ಸರಿಮಾಡಿದವನು. ನಿವೃತ್ತಿಯಾದ ಮೇಲೆ ಅಲ್ಲಿನವಳನ್ನೇ ಮದುವೆಯಾಗಿ ಮನಾಲಿಯ ಸೇತುವೆ ಪಕ್ಕ ಅಂಗಡಿ ಇಟ್ಟಿದ್ದ. ಕನ್ನಡ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಚಹಾ ಕಾಯಿಸುತ್ತಿದ್ದ.

ಅವನದೊಂದು ಪದ್ಧತಿ. ಕಾಲಿನ ಅಳತೆಯನ್ನು ಸಂಜೆಯೇ ತೆಗೆಯಬೇಕು, ಅದೂ ಬೆನ್ನ ಮೇಲೆ ಚೀಲ ಹೊರಿಸಿ. ಚಿತ್ಕಲಾಳ ಬೆನ್ನಿಗೆ ತನ್ನ ಅಂಗಡಿಯ ತೂಕದ ಕಲ್ಲುಗಳನ್ನೆಲ್ಲ ತುಂಬಿದ ಚೀಲ ಏರಿಸಿ, ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲಿನಲ್ಲಿ ಪಾದದ ಸುತ್ತ ಗೆರೆ ಎಳೆದ.

"ಖಾಲಿ ಕಾಲ ಬ್ಯಾರೆ, ಹೊರಿ ಹೊತ್ತ ಕಾಲ ಬ್ಯಾರೆ, ತಂಗಿ," ಅಂದ. "ಊರಾಗ ನಮ್ಮಪ್ಪ ಒಕ್ಕಲಿಗರ ಅಳತಿ ತಗೋಬೇಕಾದ್ರ ಜ್ವಾಳದ ಚೀಲ ಹೊರಸ್ತಿದ್ದ. ಮದಲಿಗಿ ಹೊರಿ, ಆಮ್ಯಾಲ ಚಪ್ಪಲಿ. ಈಗ ಹೇಳ, ಹಲಗಿ ಮ್ಯಾಲ ಯಾವ ಕಾಲ ಮುಂದ ಇಡ್ತಿ?"

"ಬಲಗಾಲು, ಕಾಕಾ. ಎಲ್ಲಾರೂ ಎಡಗಾಲು ಇಡ್ತಾರ. ನಂದು ಉಲ್ಟಾ."

"ಉಲ್ಟಾ ಯಾಕ? ಸೊಸಿ ಮನಿಗಿ ಬರೂ ಹಂಗ, ಬಲಗಾಲ ಮುಂದ ಇಟ್ಟ ಬರ್ತಿ. ಚೊಲೋನ ಆತಲಾ!" ಲಗಮಣ್ಣ ತನ್ನ ಮಾತಿಗೆ ತಾನೇ ನಕ್ಕ. ಚಿತ್ಕಲಾ ನಾಚಿದಳು.

ಇದು ಹುಡುಗಾಟದ ಪ್ರಶ್ನೆಯಲ್ಲ. ಮುಂದಿನ ಕಾಲು ನೆಟ್ಟಗೆ ನಿಲ್ಲಬೇಕು. ಹಿಂದಿನ ಕಾಲಿನ ಮೊಣಕಾಲು ಬಗ್ಗಿ ಒಳಕ್ಕೆ ವಾಲಬೇಕು. ಹಾಗಾಗಿ ಹಿಂದಿನ ಬೂಟಿನ ಕೊರಳಿನ ಒಳಪಕ್ಕವನ್ನು ಅರ್ಧಚಂದ್ರದ ಹಾಗೆ ಕೊಯ್ದು ತೆಗೆಯುತ್ತಾರೆ. ಮುಂದಿನದನ್ನು ಹಾಗೇ ಬಿಡುತ್ತಾರೆ. ಅಂದರೆ ಅವಳ ಕೊಯ್ತ ನನಗೆ ಬರಬೇಕು, ಅಣ್ಣನಿಗಲ್ಲ.

ಅಂದು ಲಗಮಣ್ಣ ಅರ್ಧ ಕೆಲಸ ಮಾಡಿದ. ನಮ್ಮ ನಾಲಿಗೆಗಳನ್ನು ಕಿತ್ತ, ಹಿಂದಿನ ಬೀಗ ಬಿಚ್ಚಿ ಅದರ ಜಾಗದಲ್ಲಿ ಸ್ಪ್ರಿಂಗ್ ಇರುವ ಸರಳು ಕೂರಿಸಿದ. ಕಂಬದ ಹಾಗಿದ್ದ ನಾನು ಮೊದಲ ಸಲ ಬಿದಿರಿನ ಹಾಗೆ ಬಾಗಿ ಎದ್ದೆ. ಕೊಯ್ಯುವುದನ್ನು ಮಾತ್ರ ತಡೆದ, ಗೆರೆಯ ಕಾಗದವನ್ನೂ ಅವಳ ಕೈಗೇ ಕೊಟ್ಟ.

"ಎರಡ ವಾರ ಹಾಕ್ಕೊಂಡ ಅಡ್ಡ್ಯಾಡ. ಎಲ್ಲಿ ಕಡೀತೈತಿ ಅಲ್ಲಿ ಗುರುತ ಮಾಡ. ಮದಲಿಗಿ ನೋವ ಹೇಳ್ಲಿ, ಆಮ್ಯಾಲ ನಾ ಕೊಯ್ತೀನಿ. ಕೊಯ್ದದ್ದ ಮತ್ತ ಬೆಳ್ಯಾಂಗಿಲ್ಲ, ನೆಪ್ಪಿಟ್ಟಕೋ."

ಆ ಎರಡು ವಾರವೇ ನನ್ನ ಬಾಳಿನ ಸುಖದ ಕಾಲ. ಪ್ರತಿದಿನ ಬಿಸಿಲೇರುವ ಮೊದಲೇ ಅವಳು ಬೆಟ್ಟದಲ್ಲಿರುತ್ತಿದ್ದಳು. ವಾಪಸು ಬಂದು, ಕಾಲುಚೀಲ ಕಳಚಿ, ಕೆಂಪಾದ ಜಾಗ ಹುಡುಕಿ, ಅದಕ್ಕೆ ಸರಿಯಾಗಿ ನನ್ನ ಮೈಮೇಲೆ ಬಿಳಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು. ಕಿರುಬೆರಳ ಹತ್ತಿರ ಒಂದು ಸುತ್ತು. ಹರಡಿನ ಮೂಳೆಯ ಬಳಿ ಒಂದು ಚುಕ್ಕೆ. ಕೊರಳಿನ ಒಳಪಕ್ಕ ಉದ್ದಕ್ಕೊಂದು ಬಾಗಿದ ಗೆರೆ, ದಿನದಿನಕ್ಕೆ ತಿದ್ದಿ ತಿದ್ದಿ ಗಟ್ಟಿಯಾದದ್ದು. ತನ್ನ ಗುಟ್ಟುಗಳನ್ನು ಯಾರಿಗೂ ಹೇಳದ ಹುಡುಗಿ ನನ್ನ ಮೈಮೇಲೆ ಬರೆಯುತ್ತಿದ್ದಾಳೆಂದು ನನಗೆ ಹೆಮ್ಮೆಯಾಗುತ್ತಿತ್ತು.

ಆಮೇಲೆ ಶಿಬಿರದವರು ಅವಳನ್ನು ಒಂದು ತಂಡದ ಜೊತೆ ಮೇಲಿನ ಕಣಿವೆಗೆ ಕಳುಹಿಸಿದರು. ಎಂಟು ದಿನ. ಅವಳು ಬರುವ ಮರುದಿನವೇ ಪರೀಕ್ಷೆ. ಹೊರಡುವ ಮೊದಲು ನಮ್ಮನ್ನು ಚೀಲಕ್ಕೆ ಹಾಕಿ, ಪಾದದ ಗೆರೆಯ ಕಾಗದ ಮಡಚಿಟ್ಟು, ಮಕರಂದನ ಕೈಗೆ ಕೊಟ್ಟಳು.

"ಕಾಕಾನ ಕಡೆ ಒಯ್ದು ಕೊಟ್ಟುಬಿಡು. ಗುರುತು ಎಲ್ಲಾ ಹಾಕೀನಿ. ಅವರಿಗೆ ಮತ್ತೇನೂ ಹೇಳೂದು ಬ್ಯಾಡ."

"ಹೋಗಿ ಬಾ, ಕಾಳಜಿ ಮಾಡಬ್ಯಾಡ," ಅಂದ ಅವನು.

ಚೀಲದ ಕತ್ತಲಲ್ಲಿ ನಾನು ಲಗಮಣ್ಣನ ಅಂಗಡಿಯ ಸರೇಸಿನ ವಾಸನೆಗಾಗಿ ಕಾದೆ. ಬಂದದ್ದು ಮಕರಂದನ ಕೋಣೆಯ ಸೀಮೆಎಣ್ಣೆ ಒಲೆಯ ವಾಸನೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೀಳುತ್ತಿತ್ತು. ಅವನು ನಮ್ಮನ್ನು ಹೊರಗೆ ತೆಗೆದ, ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕಾಲು ಹಾಕಿದ. ಎದ್ದು ನಿಂತ. ಹಿಮ್ಮಡಿಯ ಹಿಂದೆ ಬೆರಳು ಹಾಕಿದ. ಒಂದೇ ಬೆರಳು ಹಿಡಿಸಿತು.

ಹೆಬ್ಬೆರಳ ಬುಡ ನನ್ನ ಗೋಡೆಗೆ ಒತ್ತುತ್ತಿತ್ತು. ನನಗೆ ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಅವನು ಒದ್ದೆ ಬಟ್ಟೆ ತಂದು ನನ್ನ ಮೈಮೇಲಿನ ಬಿಳಿ ಗುರುತುಗಳನ್ನು ಒರೆಸತೊಡಗಿದ. ಕಿರುಬೆರಳ ಸುತ್ತು ಹೋಯಿತು. ಹರಡಿನ ಚುಕ್ಕೆ ಹೋಯಿತು. ಕೊರಳಿನ ಗೆರೆ ಸುಲಭಕ್ಕೆ ಹೋಗಲಿಲ್ಲ, ಉಗುರಿನಿಂದ ಕೆರೆದ. ಆಮೇಲೆ ಅಂಥದೇ ಬಿಳಿ ಪೆನ್ಸಿಲಿನಿಂದ ತನ್ನ ಗುರುತು ಹಾಕಿದ. ಹೆಬ್ಬೆರಳ ಬುಡಕ್ಕೆ ಒಂದು ಸುತ್ತು. ಬಾಗಿದ ಗೆರೆಯನ್ನು ಅಣ್ಣನ ಕೊರಳಿನ ಮೇಲೆ ಎಳೆದ. ಹೊಸ ಕಾಗದ ಹಾಸಿ, ಬೆನ್ನಿಗೆ ಚೀಲ ಏರಿಸಿಕೊಂಡು, ಬಗ್ಗಿ ಬಗ್ಗಿ ತನ್ನ ಪಾದದ ಸುತ್ತ ತಾನೇ ಗೆರೆ ಎಳೆದ. ಕೆಳಗೆ ಬರೆದ: ಚಿತ್ಕಲಾ.

"ಅಕೀಗೆ ಮುಂದಿನ ವರ್ಷನೂ ಆಗ್ತದ," ಅಂದ ಗಟ್ಟಿಯಾಗಿ. ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅವಳಿಗೆ ಮುಂದಿನ ವರ್ಷವಿಲ್ಲ ಎಂಬುದು ಲೋಕದಲ್ಲಿ ಗೊತ್ತಿದ್ದವನು ಅವನೊಬ್ಬನೇ. ತನಗೆ ಗೊತ್ತಿದ್ದುದನ್ನೇ ಅವನು ನಮ್ಮ ಮುಂದೆ ಸುಳ್ಳು ಮಾಡುತ್ತಿದ್ದ.

ಲಗಮಣ್ಣ ಕಾಗದ ಬಿಡಿಸಿ ನೋಡಿದಾಗ ಅವನ ಹುಬ್ಬು ಗಂಟಾಯಿತು. ನನಗೆ ಜೀವ ಬಂದಂತಾಯಿತು. ನಲವತ್ತು ವರ್ಷ ಕಾಲು ನೋಡಿದ ಕಣ್ಣು, ತಪ್ಪೀತೇ?

"ತಂಗಿ ಕಿರುಬಳ್ಳ ಹೊರಗ ಇತ್ತಲಾ? ಇದ ಬ್ಯಾರೆ ಕಾಲ ಕಂಡಂಗ ಕಾಣತೈತಿ."

"ಎರಡು ವಾರ ಹತ್ತಿ ಇಳಿದು ಬಾತುಬಿಟ್ಟದ, ಕಾಕಾ. ಹಂಗಾಗೇ ಮತ್ತ ಅಳತಿ ಕೊಟ್ಟಾಳ."

"ಮತ್ತ ಕೊಯ್ಯೂದ ಬಲಕ್ಕ ಬರದೈತಿ? ಅಕಿ ಬಲಗಾಲ ಮುಂದ ಅಂದಿದ್ಲ."

"ಈಗ ಬದಲಿ ಮಾಡ್ಯಾಳ. ಎಡಗಾಲು ಮುಂದ ಇಟ್ರ ಚೊಲೋ ಆಗ್ತದಂತ."

ಲಗಮಣ್ಣ ಕನ್ನಡಕ ತೆಗೆದು ಒರೆಸಿದ. ಮತ್ತೆ ಕಾಗದ ನೋಡಿದ. ಕಾಗದದ ಕೆಳಗೆ ಹೆಸರಿತ್ತು. ಸೇನೆಯಲ್ಲಿ ಅವನು ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ: ಚೀಟಿ ಬರುತ್ತದೆ, ಚೀಟಿಯಲ್ಲಿ ಹೆಸರಿರುತ್ತದೆ, ಅಳತೆ ಇರುತ್ತದೆ, ಬೂಟಿನವನು ಯಾವುದೋ ಶಿಖರದ ಮೇಲಿರುತ್ತಾನೆ. ಚೀಟಿಯನ್ನು ಪ್ರಶ್ನಿಸಿದರೆ ಕೆಲಸ ಸಾಗುವುದಿಲ್ಲ. "ಚೀಟಿ ಬಂತಂದ್ರ ಮುಗೀತ," ಎಂದು ತನಗೇ ಹೇಳಿಕೊಂಡು ಗರಗಸ ಎತ್ತಿಕೊಂಡ.

ನನಗೆ ಬರಬೇಕಿದ್ದ ಕೊಯ್ತ ಅಣ್ಣನಿಗೆ ಬಿತ್ತು. ಅವನು ಕೂಗಲಿಲ್ಲ, ಬಿಳಿಯ ಪುಡಿ ಮಾತ್ರ ಉದುರಿತು. ನನ್ನ ಪಾಲಿಗೆ ಬಿಸಿಗಾಳಿ ಬಂತು. ಹೆಬ್ಬೆರಳ ಬುಡದಲ್ಲಿ ಕಾಯಿಸಿ, ಮೆತ್ತಗಾದಾಗ ಒಳಗಿನಿಂದ ಗುಂಡು ಒತ್ತಿ, ಉಬ್ಬಿಸಿ, ತಣ್ಣೀರು ಹಾಕಿದ. ಇಲ್ಲಿ ನಾನು ನಿಮಗೆ ಒಂದು ಮಾತು ಒಪ್ಪಿಸಬೇಕು. ನಾನು ಎದುರಾಡಲಿಲ್ಲ. ಬಿಸಿ ತಾಗಿದಾಗ ಮೆತ್ತಗಾಗುವುದು ನನ್ನ ಗುಣ. ಯಾರ ಕಾಲಿಗಾಗಿ ಎಂದು ಪ್ಲಾಸ್ಟಿಕ್ಕು ಕೇಳುವುದಿಲ್ಲ. ಅರ್ಧ ಗಂಟೆಯಲ್ಲಿ ನಾನು ಮಕರಂದನ ಬೂಟಾದೆ, ಚೆನ್ನಾಗಿಯೇ ಆದೆ.

ಚಿತ್ಕಲಾ ಕಣಿವೆಯಿಂದ ಇಳಿದ ಸಂಜೆ ಅವನು ಫೋನು ಮಾಡಿದ. ನಾನು ಅವನ ಮಂಚದ ಕೆಳಗಿದ್ದೆ.

"ಕಾಕಾ ಇನ್ನೂ ಮುಟ್ಟೇ ಇಲ್ಲ. ಮೈಯಾಗ ಹುಷಾರಿಲ್ಲಂತ, ಅಂಗಡಿ ಬಂದ್ ಅದ. ನೀ ನಾಳೆ ಶಿಬಿರದ ಮೆತ್ತನೆ ಬೂಟು ಹಾಕ್ಕೊಂಡು ಬಾ... ಇಲ್ಲ, ನಾ ನೋಡ್ಲಿಕ್ಕೆ ಬರ್ತೀನಿ. ಹೆದರಬ್ಯಾಡ."

ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಐದು ಜನ ಸಾಲಾಗಿ ನಿಂತಿದ್ದರು. ಪರೀಕ್ಷೆ ಮಾಡುವವನು ಛೆರಿಂಗ್ ಎಂಬ ಲಾಹೌಲದ ಹಿರಿಯ ಮಾರ್ಗದರ್ಶಿ. ಅವನು ಸಾಲಿನ ಉದ್ದಕ್ಕೂ ನಡೆಯುತ್ತ ಬೂಟು, ಹಲಗೆ, ಬೆನ್ನುಚೀಲ ನೋಡುತ್ತಿದ್ದ. ಐದನೆಯವನಾಗಿ ನಿಂತಿದ್ದ ಮಕರಂದನ ಕಾಲಲ್ಲಿ ನಾವಿದ್ದೆವು. ಆರನೆಯವಳಾಗಿ ಓಡೋಡಿ ಬಂದು ಪಕ್ಕದಲ್ಲಿ ನಿಂತದ್ದು ಚಿತ್ಕಲಾ.

ಅವಳು ಮೊದಲು ಅವನ ಮುಖ ನೋಡಿ ನಕ್ಕಳು. ಕೈಯಲ್ಲಿ ಹಲಗೆ ಕಂಡಿತು. ನಗು ಹಾಗೇ ನಿಂತಿತು. ಆಮೇಲೆ ಕೆಳಗೆ ನೋಡಿದಳು. ನನ್ನ ಕಡೆಗೆ.

"ಮಕರಂದ, ಇವು..."

"ಆಮ್ಯಾಲೆ ಹೇಳ್ತೀನಿ. ಎಲ್ಲಾ ಹೇಳ್ತೀನಿ. ಈಗ ಸುಮ್ಮನಿರು, ಅಂವಾ ನೋಡ್ಲಿಕತ್ತಾನ."

"ನೀ ನಿಂದ್ರೂದಿಲ್ಲ ಅಂದಿದ್ದಿ."

"ಚಿತ್ಕಲಾ, ಪ್ಲೀಜ್."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂಗುತ್ತಿದ್ದರು, ಬೂಟು ಬಿಚ್ಚಿಸುತ್ತಿದ್ದರು. ಅವಳು ಆರು ಜನರ ಮುಂದೆ ದನಿ ಎತ್ತುವವಳಲ್ಲ. ಅದೂ ಅವನಿಗೆ ಗೊತ್ತಿತ್ತು. ಅವಳು ಬಗ್ಗಿ ತನ್ನ ಮೆತ್ತನೆ ಬೂಟಿನ ದಾರ ಎರಡನೇ ಸಲ ಬಿಗಿದಳು; ಬಿಗಿಯಲು ಏನೂ ಉಳಿದಿರಲಿಲ್ಲ.

ಎರಡು ತಾಸು ಹತ್ತಿದ ಮೇಲೆ ಅಂಥ ಒಂದು ಓರೆ ಬಂತು. ರಾತ್ರಿಯ ಚಳಿಗೆ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಅಡ್ಡಕ್ಕೆ ನೂರು ಮಾರು ದಾಟಬೇಕು. ನಾನು ಕಚ್ಚಿದೆ. ಹೆಜ್ಜೆಗೆ ಒಂದು ಕಚ್ಚು. ಮಕರಂದನ ಕಾಲು ಒಮ್ಮೆಯೂ ಹೊರಳಲಿಲ್ಲ. ನಡುವೆ ಹಿಂದಿನಿಂದ ಹಲಗೆ ಹಿಮವನ್ನು ಕೆರೆದ ಸದ್ದು ಬಂತು. ಅವನು ತಿರುಗಿ ನೋಡಿದ, ನಾನೂ ನೋಡಿದೆ. ಚಿತ್ಕಲಾ ಮಲಗಿದ ಭಂಗಿಯಲ್ಲಿ ಕೆಳಗೆ ಜಾರುತ್ತಿದ್ದಳು, ಎರಡು ಕೈಯಿಂದಲೂ ಹಿಮವನ್ನು ಪರಚುತ್ತ. ಇಪ್ಪತ್ತು ಮಾರು ಕೆಳಗೆ ಒಂದು ಬಂಡೆಗೆ ತಡೆದು ನಿಂತಳು. ಎದ್ದಳು. ಮೊಣಕೈ ಹಿಡಿದುಕೊಂಡು ಮತ್ತೆ ಮೇಲಕ್ಕೆ ಹೆಜ್ಜೆ ಕಡಿಯತೊಡಗಿದಳು.

ಆಗಲಾದರೂ ನಾನು ಜಾರಬಹುದಿತ್ತು. ಒಂದು ಹೆಜ್ಜೆ ಸಾಕಿತ್ತು. ಆದರೆ ನನಗೆ ಜಾರಲು ಬರುವುದಿಲ್ಲ. ಜಾರದ ಹಾಗೆ ಅವಳೇ ನನ್ನನ್ನು ಆರಿಸಿದ್ದಳು.

ತುದಿಗೆ ಅವಳು ಕೊನೆಯವಳಾಗಿ ತಲುಪಿದಳು. ಇಳಿಯುವಾಗ ಎಲ್ಲರಿಗಿಂತ ಚಂದ ಇಳಿದಳು, ಬಲಗಾಲು ಮುಂದಿಟ್ಟು. ಛೆರಿಂಗ್ ಅದನ್ನು ನೋಡಿ ತಲೆಯಾಡಿಸಿದ. ಆದರೆ ಅವನಿಗೆ ಬೇಕಾದದ್ದು ಇಳಿಯುವವರಲ್ಲ. ಗಟ್ಟಿ ಹಿಮದಲ್ಲಿ ಬೇರೆಯವರನ್ನು ದಾಟಿಸುವವರು. ಅವನು ಮಕರಂದನ ಭುಜ ತಟ್ಟಿ ಹಿಂದಿಯಲ್ಲಿ ಹೇಳಿದ: "ಇವನ ಕಾಲು ನಂಬಬಹುದು."

ಮರುದಿನ ಚಿತ್ಕಲಾ ಲಗಮಣ್ಣನ ಅಂಗಡಿಗೆ ಬಂದಳು. ಮಕರಂದ ನಮ್ಮನ್ನು ಹಿಡಿದು ಅಲ್ಲಿಗೇ ಬಂದಿದ್ದ. ಅವಳು ಬರುತ್ತಾಳೆಂದು ಅವನಿಗೆ ತಿಳಿದಿರಬೇಕು. ಲಗಮಣ್ಣ ಎಂದಿನಂತೆ ಚಹಾಕ್ಕೆ ನೀರಿಟ್ಟ. "ಏನ ತಂಗಿ, ಎಡಗಾಲ ಮುಂದ ಇಟ್ಟ ಹೆಂಗ ಅನಸ್ತ?"

ಅವಳು ನೆಲದ ಮೇಲೆ ಕೂತು ನನ್ನನ್ನು ಕೈಗೆತ್ತಿಕೊಂಡಳು. ಕೊರಳಿನ ಒಳಪಕ್ಕದಲ್ಲಿ ಅವಳ ಗೆರೆಯ ಜಾಗ ಮುಟ್ಟಿದಳು. ಅಲ್ಲಿ ಏನೂ ಇರಲಿಲ್ಲ. ಕಾಲು ಹಾಕಿದಳು. ಕಿರುಬೆರಳು ಗೋಡೆಗೆ ಒತ್ತಿತು. ಹೆಬ್ಬೆರಳ ಪಕ್ಕ ಅವನ ಉಬ್ಬಿನಷ್ಟು ಖಾಲಿ ಜಾಗ. ನಾನು ಎಷ್ಟು ಪ್ರಯತ್ನಪಟ್ಟರೂ ಅವಳನ್ನು ಹಿಡಿದುಕೊಳ್ಳಲಾರದಾದೆ.

"ತಗೋ, ನಿನ್ನವ ಅದಾವ," ಅಂದ ಮಕರಂದ. "ನನಗ ಸಂಸ್ಥೆಯವರು ಹೊಸಾವು ಕೊಡ್ತಾರ. ಎಡದ್ದು ಈಗ ಕೊಯಸ್ಕೋಬಹುದು. ಏನಾತೀಗ?"

"ಬಲದ್ದು?" ಎಂದಳು ಅವಳು. "ಬಲದ್ದು ಮುಂದ ನಿಂದ್ರತದೇನು?"

ಲಗಮಣ್ಣನಿಗೆ ಆಗ ಎಲ್ಲ ತಿಳಿಯಿತು. ಕುದಿಯುವ ನೀರನ್ನು ಒಲೆಯಿಂದ ಇಳಿಸಿ, ಮಕರಂದನ ಕಡೆ ತಿರುಗಿದ. "ಎದ್ದ ಹೋಗ ಇಲ್ಲಿಂದ. ಊರವ ಅಂತ ಚಾ ಕುಡಸ್ತಿದ್ನೆಲಾ ನಿನಗ!"

ಮಕರಂದ ಹೋದ. ನಮ್ಮನ್ನು ಅಲ್ಲೇ ಬಿಟ್ಟು.

"ನಾ ಕೇಳಿದ್ನಿ, ತಂಗಿ," ಅಂದ ಲಗಮಣ್ಣ. "ಕಾಲ ಬ್ಯಾರೆ ಐತಿ ಅಂತ ಕೇಳಿದ್ನಿ. ಅಂವ ಹಿಂಗಿಂಗ ಅಂದ. ಚೀಟ್ಯಾಗ ನಿನ್ನ ಹೆಸರಿತ್ತ."

"ಅವಗ ಕೇಳಿದ್ರಿ, ಕಾಕಾ," ಅಂದಳು ಚಿತ್ಕಲಾ. ದನಿ ಎತ್ತಲಿಲ್ಲ. "ನಿಮ್ಮ ಕಡೆ ನನ್ನ ನಂಬರ್ ಇತ್ತು. ನನ್ನನ್ನ ಯಾಕ ಕೇಳಲಿಲ್ಲ?"

ಲಗಮಣ್ಣ ಕನ್ನಡಕ ತೆಗೆದ. ಆ ಮುದುಕ ಅತ್ತದ್ದನ್ನು ನಾನು ನೋಡಿದ್ದೇನೆ. ಅವಳು ಅಳಲಿಲ್ಲ. ನಮ್ಮನ್ನು ಜೋಡಿಸಿ ಅವನ ಮೇಜಿನ ಮೇಲಿಟ್ಟಳು, ಮೂತಿ ಸರಿಮಾಡಿದಳು, ನಡೆದಳು. ಜೂನಿನಲ್ಲಿ ಅವಳು ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆಂದು ಯಾರೋ ಅಂಗಡಿಯಲ್ಲಿ ಹೇಳಿದ್ದು ಕೇಳಿದೆ.

ಲಗಮಣ್ಣ ನಮ್ಮನ್ನು ಯಾರಿಗೂ ಮಾರಲಿಲ್ಲ. ಅಂದಿನಿಂದ ಅವನು ಯಾರ ಚೀಟಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಲು ತಂದರೆ ಮಾತ್ರ ಕೆಲಸ. ಗಿರಾಕಿ ಅರ್ಧಕ್ಕರ್ಧ ಕಡಿಮೆಯಾದರು. ಮಕರಂದ ಎರಡು ವರ್ಷ ಮಾರ್ಗದರ್ಶಿಯಾಗಿದ್ದ, ಆಮೇಲೆ ಬೇರೆ ದೇಶಕ್ಕೆ ಹೋದನಂತೆ. ಚೆನ್ನಾಗಿದ್ದಾನಂತೆ. ಹಿಮ ಅವನನ್ನು ಶಿಕ್ಷಿಸಲಿಲ್ಲ. ಹಿಮಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ.

ಲಗಮಣ್ಣ ಸತ್ತ ಮೇಲೆ ಅವನ ಹೆಂಡತಿ ಅಂಗಡಿಯ ಸಾಮಾನನ್ನೆಲ್ಲ ಅಂದು ಪರೀಕ್ಷೆ ಇಟ್ಟ ಆ ಸಂಸ್ಥೆಯ ತರಬೇತಿ ಕೋಣೆಗೆ ಕೊಟ್ಟಳು. ಈಗ ನಾವಿಬ್ಬರೂ ಅಲ್ಲಿನ ಗೋಡೆಯ ಹಲಗೆಯ ಮೇಲಿದ್ದೇವೆ. ನನ್ನ ಮೈ ಹಳದಿಗಟ್ಟಿದೆ. ಒಂದು ಬಕಲ್ಲು ಇಲ್ಲ. ಪ್ಲಾಸ್ಟಿಕ್ಕಿಗೂ ಮುಪ್ಪು ಬರುತ್ತದೆ, ಒಳಗೊಳಗೇ ಪುಡಿಯಾಗುತ್ತ.

ಹೋದ ಚಳಿಗಾಲ ಹುಬ್ಬಳ್ಳಿಯ ಕಾಲೇಜಿನ ಹುಡುಗಿಯರ ಒಂದು ತಂಡ ಬಂದಿತ್ತು. ಬೂಟು ಆರಿಸುವ ಪಾಠ ಹೇಳಲು ಬಂದವಳ ಹೆಜ್ಜೆಯ ಸದ್ದಿಗೇ ನನ್ನ ಸ್ಪ್ರಿಂಗು ನಡುಗಿತು. ಚಿತ್ಕಲಾ. ಐದು ವರ್ಷ ಪಾಠ ಹೇಳಿ, ಅಪ್ಪ ತಾವಾಗಿಯೇ "ಹೋಗಿ ಬಾ" ಎಂದ ಮೇಲೆ, ಮತ್ತೆ ಮೊದಲಿನಿಂದ ಶುರುಮಾಡಿ ಇಲ್ಲಿಯವರೆಗೆ ಬಂದಿದ್ದಳು. ಕಣ್ಣಿನ ಸುತ್ತ ಸುಕ್ಕು. ಕಾಲಲ್ಲಿ ಬೇರೆ ಬೂಟು, ತಾನೇ ಕೊಯ್ದದ್ದು. ಎಡದರ ಕೊರಳಿನ ಒಳಪಕ್ಕದಲ್ಲಿ ಆ ಅರ್ಧಚಂದ್ರವಿತ್ತು.

ಪಾಠದ ನಡುವೆ ಅವಳು ನಮ್ಮಿಬ್ಬರನ್ನೂ ಕೆಳಗಿಳಿಸಿದಳು. ಹೆಬ್ಬೆರಳು ನನ್ನ ಅಂಚಿನ ಮೇಲೆ ಒಂದು ಕ್ಷಣ ನಿಂತಿತು, ಆಮೇಲೆ ಅಣ್ಣನ ಕೊಯ್ದ ಕೊರಳಿಗೆ ಸರಿಯಿತು.

"ಇದನ್ನ ನೋಡ್ರಿ. ಕೊಯ್ದ ಅಂಚು ಎಷ್ಟು ಗುಂಡಗದ, ಎಲ್ಲೂ ಸೀಳಿಲ್ಲ. ಉಬ್ಬಿಸಿದ್ದೂ ಚೊಲೋ ಅದ. ಕೆಲಸ ಅಂದ್ರ ಹಿಂಗ ಇರಬೇಕು."

"ಯಾರ್ದು ಅಕ್ಕಾ, ಇವು?" ಎಂದಳು ಮುಂದೆ ಕೂತ ಹುಡುಗಿ.

ಚಿತ್ಕಲಾ ನನ್ನನ್ನು ತಿರುಗಿಸಿ ನೋಡಿದಳು. ನನ್ನ ಮೈಯ ಇಂಚಿಂಚನ್ನೂ ಬಲ್ಲವಳು ಅವಳು.

"ಯಾರವೋ," ಅಂದಳು.

ನಮ್ಮನ್ನು ಹಲಗೆಯ ಮೇಲಿಟ್ಟು ಮುಂದಿನ ಜೋಡಿ ಎತ್ತಿಕೊಂಡಳು. ಅವಳದು ಸುಳ್ಳಲ್ಲ. ಅವಳಿಂದ ಕಿತ್ತುಕೊಂಡವನು ಬಿಟ್ಟು ಹೋದ, ಕೊಯ್ದವನು ಸತ್ತ, ಆರಿಸಿದವಳಿಗೆ ನಾನು ಬೇಡವಾದೆ. ಮೋಸ ಮಾಡಿದ ಕೈಯೊಂದು, ಕೇಳದೆ ಹೋದ ಕೈ ಇನ್ನೊಂದು. ಆದರೆ ಆ ಓರೆಯ ಮೇಲೆ ಮಕರಂದನನ್ನು ಹಿಡಿದು ನಿಲ್ಲಿಸಿದ್ದು ನಾನು. ಅವಳು ಅದನ್ನು ಮರೆತಿಲ್ಲ. ಮರೆಯಬಾರದು ಕೂಡ.